ಕೋಪ ತೋರಿಸಬೇಡಿ, ಏನು ಬೇಕೋ ಅದನ್ನ ಹುಡುಕಿ

‘ಈ ಸೀನಲ್ಲಿ ಸ್ವಲ್ಪ ಕೋಪ ತನ್ನಿ’ ಅಂದ ಕೂಡಲೇ ಹುಬ್ಬು ಗಂಟಿಕ್ತೀರಾ? ಅದು ಬರೀ ಮುಖದ ಕಸರತ್ತು. 1898ರಲ್ಲಿ ಮಾಸ್ಕೋ ಆರ್ಟ್ ಥಿಯೇಟರ್ ಕಟ್ಟಿದವರಲ್ಲಿ ಒಬ್ಬರಾದ ಸ್ತಾನಿಸ್ಲಾವ್‌ಸ್ಕಿ ಹಿಡಿದ ಪ್ರಶ್ನೆಯೇ ಬೇರೆ: ಈ ಪಾತ್ರಕ್ಕೆ ಈಗ ಏನು ಬೇಕು?

ಕಾರ್ನಾಡರ ‘ತುಘಲಕ್’ ತಗೊಳ್ಳಿ. ಸುಲ್ತಾನ ಚದುರಂಗದ ಮುಂದೆ ಕೂತಿದ್ದಾನೆ, ಮಲತಾಯಿ ಒಳಗೆ ಬರ್ತಾಳೆ. ಐನ್-ಉಲ್-ಮುಲ್ಕ್ ದಿಲ್ಲಿ ಮೇಲೆ ದಂಡೆತ್ತಿ ಬರ್ತಿದ್ದಾನೆ. ಸುಲ್ತಾನನಿಗೆ ಬೇಕಾಗಿರೋದೇನು? ಅವಳ ಆತಂಕ ಕಳೆಯೋದಾ, ತನ್ನ ಜಾಣತನ ಮೆರೆಯೋದಾ? ಮೊದಲನೆಯದಾದ್ರೆ ಕೈಲಿರೋ ಕಾಯಿ ಕೆಳಗಿಟ್ಟು ಅವಳತ್ತ ತಿರುಗ್ತೀರಿ. ಎರಡನೆಯದಾದ್ರೆ ಮಾತು ಅವಳಿಗೆ, ಕಣ್ಣು ಮಾತ್ರ ಆಟದ ಮೇಲೇ. ನನಗಂತೂ ಇದೇ ಇಷ್ಟ, ಆ ಸುಲ್ತಾನನ ಗತ್ತೇ ಹಾಗೆ!

ರಿಹರ್ಸಲ್‌ನಲ್ಲಿ ಎರಡನ್ನೂ ಆಡಿ ನೋಡಿ. ಎದುರಿಗಿರೋ ನಟಿ ಯಾವುದಕ್ಕೆ ಕೆರಳ್ತಾರೆ, ಗಮನಿಸಿ.