ಜಾಗ ಎಲ್ಲರದು, ಮನಿ ನಮ್ಮದು



ತಡಸ ದಾಟಿ ಮುಂಡಗೋಡಕ್ಕೆ ಹೋಗುವಾಗ ಟಿಬೆಟಿಯನ್ನರ ಕ್ಯಾಂಪ್‌ಗಳನ್ನು ನಿಮ್ಮಲ್ಲಿ ಬಹಳ ಮಂದಿ ನೋಡಿದ್ದೀರಿ. ಸಾಲು ಮನೆಗಳು, ಗೋವಿನಜೋಳದ ಹೊಲಗಳು, ದೊಡ್ಡ ದೊಡ್ಡ ಮಠಗಳು. ಆದರೆ ಒಂದು ಪ್ರಶ್ನೆ ನಾವು ಕೇಳಿರುವುದಿಲ್ಲ: "ಈ ಜಾಗ ಯಾರ ಹೆಸರಿಲೆ ಐತಿ?"

1959ರ ನಂತರ ಇವರು ಎಲ್ಲವನ್ನೂ ಬಿಟ್ಟು ನಮ್ಮ ದೇಶಕ್ಕೆ ಬಂದರು. 1966ರಲ್ಲಿ ಮುಂಡಗೋಡದಲ್ಲಿ ಅವರ ವಸತಿ ಆರಂಭವಾಯಿತು. ಕಾಡು ಕಡಿದು ಹಸನು ಮಾಡಿದ ಸುಮಾರು 4,000 ಎಕರೆ ಜಮೀನನ್ನು ಸರಕಾರ ಕೊಟ್ಟಿತು. ಆದರೆ ಒಬ್ಬೊಬ್ಬರ ಹೆಸರಿಗೆ ಬರೆದು ಕೊಡಲಿಲ್ಲ. ಇಡೀ ವಸತಿಗೆ ಅಂತ ಕೊಟ್ಟಿತು. ಪ್ರತಿ ಕುಟುಂಬಕ್ಕೆ ಮನಿ ಕಟ್ಟಿಕೊಂಡು ಇರುವ, ಹೊಲ ಬಿತ್ತುವ ಹಕ್ಕು ಉಂಟು. ಹೊರಗಿನವರಿಗೆ ಜಾಗ ಮಾರುವ ಹಕ್ಕಿಲ್ಲ. ಹೀಗಾಗಿ ಅರವತ್ತು ವರ್ಷ ಆದರೂ ಆ ಜಾಗ ತುಂಡು ತುಂಡಾಗಿ ಸಾಹುಕಾರರ ಕೈಗೆ ಹೋಗಿಲ್ಲ.

ಇದನ್ನು ನಮ್ಮ ಸಂಘದ ಉಳಿತಾಯಕ್ಕೆ ಹೋಲಿಸಿ ನೋಡಿರಿ. ಆ ಹಣ ಎಲ್ಲರದು. ಬೇಕಾದವರು ಸಾಲ ಪಡೆಯಬಹುದು. ಆದರೆ ಒಬ್ಬಾಕಿಯ ಸಹಿಯಿಂದ ಬ್ಯಾಂಕಿನಿಂದ ತೆಗೆಯಲು ಬರುವುದಿಲ್ಲ. ಜಾಗವನ್ನೂ ಹಾಗೆಯೇ ಕಾಯುವ ಸಂಸ್ಥೆಗೆ 'ಭೂ ಟ್ರಸ್ಟ್' ಎನ್ನುತ್ತಾರೆ. ಜಾಗ ಟ್ರಸ್ಟಿನದು, ಮೇಲಿನ ಮನಿ ಕುಟುಂಬದ್ದು.

ಈ ವಿಚಾರದ ಬೇರು ನಮ್ಮ ದೇಶದಲ್ಲೇ ಇದೆ. 1951ರಲ್ಲಿ ವಿನೋಬಾ ಭಾವೆಯವರು ಭೂದಾನ ಚಳವಳಿ ಆರಂಭಿಸಿದರು. ಮುಂದೆ ಅದು ಗ್ರಾಮದಾನವಾಯಿತು. ಅಂದರೆ ಜಮೀನಿನ ಒಡೆತನ ಊರಿನ ಸಭೆಗೆ, ಉಳುಮೆ ಕುಟುಂಬಕ್ಕೆ. 1957ರಲ್ಲಿ ಮೈಸೂರಿನ ಹತ್ತಿರದ ಯಲವಾಲದಲ್ಲಿ ಗ್ರಾಮದಾನದ ಬಗ್ಗೆ ದೊಡ್ಡ ಸಭೆ ಸೇರಿತ್ತು. ನೆಹರೂ ಅವರೂ ಬಂದಿದ್ದರು.

ಈ ಗ್ರಾಮದಾನದಿಂದಲೂ ಪ್ರೇರಣೆ ಪಡೆದು 1969ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಕಪ್ಪು ಜನಾಂಗದವರು 'ನ್ಯೂ ಕಮ್ಯುನಿಟೀಸ್' ಎಂಬ ಭೂ ಟ್ರಸ್ಟ್ ಕಟ್ಟಿದರು. ಸುಮಾರು 5,700 ಎಕರೆ ಜಮೀನು. ಆದರೆ ಮಳೆ ಕೈಕೊಟ್ಟಿತು, ಸರಕಾರಿ ಸಾಲ ವೇಳೆಗೆ ಸಿಗಲಿಲ್ಲ, ಹಳೆಯ ಸಾಲ ತೀರಲಿಲ್ಲ. 1985ರಲ್ಲಿ ಜಮೀನೆಲ್ಲ ಕೈಬಿಟ್ಟು ಹೋಯಿತು. ಸಾಲ ಕೊಡುವಲ್ಲಿ ಭೇದ ಮಾಡಿದ್ದಕ್ಕೆ 2009ರಲ್ಲಿ 1 ಕೋಟಿ 20 ಲಕ್ಷ ಡಾಲರ್ ಪರಿಹಾರವೇನೋ ಸಿಕ್ಕಿತು. ಆದರೆ ಆ ಹೊಲ ತಿರುಗಿ ಬರಲಿಲ್ಲ. ಎಲ್ಲರ ಜಾಗವಾದರೂ ಅಡ ಇಟ್ಟರೆ ಹೋಗಬಹುದು ಎಂಬ ಪಾಠ ಇದರಲ್ಲಿದೆ.

ಅದೇ ದೇಶದ ಬರ್ಲಿಂಗ್ಟನ್ ಎಂಬ ಊರಲ್ಲಿ 1984ರಲ್ಲಿ ಆರಂಭವಾದ ಟ್ರಸ್ಟ್ ಇಂದಿಗೂ ನಡೆದಿದೆ. ಅಲ್ಲಿ ಮನಿ ಬಿಟ್ಟು ಹೋಗುವವರಿಗೆ ಬೆಲೆ ಏರಿದ್ದರಲ್ಲಿ ನೂರಕ್ಕೆ 25 ಪಾಲು ಮಾತ್ರ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, 4 ಲಕ್ಷಕ್ಕೆ ಕೊಂಡ ಮನಿ 8 ಲಕ್ಷ ಬಾಳಿದರೆ, ಬಿಡುವವಳಿಗೆ ಮೇಲೆ 1 ಲಕ್ಷ ಸಿಗುತ್ತದೆ. ಮುಂದಿನ ಬಡ ಕುಟುಂಬಕ್ಕೆ ಮನಿ 5 ಲಕ್ಷದ ಆಸುಪಾಸು ದಕ್ಕುತ್ತದೆ.

"ಮಾರಾಕ ಬರಲಿಲ್ಲಂದ್ರ ಅದು ನಮ್ಮ ಮನಿ ಹೆಂಗ ಆಗತೈತ್ರಿ?" ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಅಡ ಇಟ್ಟು ಸಾಲ ಪಡೆಯುವುದು ಕಷ್ಟ, ಬೆಲೆ ಏರಿದ ಲಾಭವೂ ಪೂರ್ತಿ ಸಿಗದು. ಆದರೆ ಇನ್ನೊಂದು ಕಡೆ ನೋಡಿರಿ. ಗಂಡ ಕುಡಿತಕ್ಕೋ ಸಾಲಕ್ಕೋ ಒಂದು ಹೆಬ್ಬೆಟ್ಟು ಒತ್ತಿದ, ಹೆಂಡತಿ ಮಕ್ಕಳು ಬೀದಿಗೆ ಬಂದರು ಎಂಬುದು ನಮ್ಮ ಹಳ್ಳಿಗಳಲ್ಲಿ ಹೊಸ ಸುದ್ದಿಯಲ್ಲ. ಮಾರಲು ಬಾರದ ಜಾಗದಲ್ಲಿ ಆ ಹೆಬ್ಬೆಟ್ಟಿಗೆ ಬೆಲೆ ಇಲ್ಲ.

ನಮ್ಮ ಭಾಗದಲ್ಲಿ ನಾಳೆಯೇ ಟ್ರಸ್ಟ್ ಕಟ್ಟಿರಿ ಎಂದು ನಾವು ಹೇಳುತ್ತಿಲ್ಲ. ಅದಕ್ಕೆ ನೋಂದಣಿಯಾದ ಸಂಸ್ಥೆ ಬೇಕು, ಹೊಲವಿದ್ದರೆ ಎನ್.ಎ. ಆಗಬೇಕು. ಆದರೆ ಈಗಲೇ ಮಾಡಬಹುದಾದವು ಇವೆ:

1. ಮನೆಯ ಕಾಗದಪತ್ರ ತೆಗೆದು ಯಾರ ಹೆಸರಿದೆ ನೋಡಿರಿ. ಓದು ಬಾರದವರಿಗೆ ಸಂಘದಲ್ಲಿ ಓದಿ ಹೇಳಿರಿ.

2. ಸರಕಾರಿ ವಸತಿ ಯೋಜನೆಗೆ ಅರ್ಜಿ ಹಾಕುವಾಗ ಮನೆಯೊಡತಿಯ ಹೆಸರಿನಲ್ಲಿ, ಇಲ್ಲವೇ ಇಬ್ಬರ ಹೆಸರಿನಲ್ಲಿ ಹಾಕಿರಿ.

3. ಹಕ್ಕುಪತ್ರದಲ್ಲಿ ಮಾರಾಟದ ಬಗ್ಗೆ ಏನು ಷರತ್ತು ಬರೆದಿದೆ ತಿಳಿದುಕೊಳ್ಳಿರಿ. ಆ ಷರತ್ತು ಹೊರೆಯಲ್ಲ, ಬೇಲಿ.

4. ಓದದೆ, ಓದಿಸದೆ ಯಾವ ಕಾಗದಕ್ಕೂ ಸಹಿ ಅಥವಾ ಹೆಬ್ಬೆಟ್ಟು ಒತ್ತಬ್ಯಾಡ್ರಿ.

ಮುಂದಿನ ಸಭೆಯಲ್ಲಿ ಚರ್ಚಿಸಿರಿ: ನಮ್ಮ ಸಂಘದಲ್ಲಿ ಎಷ್ಟು ಮಂದಿಯ ಮನಿ ಅವರವರ ಹೆಸರಿಲೆ ಐತಿ? ಇಲ್ಲದವರಿಗೆ ನಾವು ಏನು ಮಾಡಬಹುದು?