ಕುಲುಮೆಯ ಕೊಡಲಿ: ಕೈಕೆಲಸಕ್ಕೆ ಮರಳಿ ದೊರೆತ ಬೆಲೆ

ಬೇಡಿಕೆ ಕುಸಿದಾಗ ತಯಾರಕರಿಗೆ ಮೊದಲು ತೋಚುವ ಉಪಾಯ ಬೆಲೆ ಇಳಿಸುವುದು. ಬೆಲೆ ಇಳಿಯಬೇಕಾದರೆ ಖರ್ಚು ಇಳಿಯಬೇಕು. ಖರ್ಚು ಇಳಿಯಬೇಕಾದರೆ ಕಚ್ಚಾಮಾಲಿನಲ್ಲಾಗಲಿ ಕೆಲಸದಲ್ಲಾಗಲಿ ಕೊರತೆ ಮಾಡಬೇಕು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸ್ವೀಡನ್ ದೇಶದ ಕೊಡಲಿ ಉದ್ಯಮ ಹಿಡಿದ ಹಾದಿ ಬಹುಮಟ್ಟಿಗೆ ಇದೇ ಆಗಿತ್ತು. ಆ ಹಾದಿಯ ಕೊನೆಯಲ್ಲಿ ಮುಚ್ಚುವ ಸ್ಥಿತಿಗೆ ಬಂದಿದ್ದ ಒಂದು ಸಣ್ಣ ಕಾರ್ಖಾನೆ ತಿರುಗಿ ನಿಂತು, ಬೆಲೆ ಏರಿಸಿ, ಕೆಲಸವನ್ನು ಮತ್ತೆ ಕಮ್ಮಾರನ ಕೈಗೆ ಒಪ್ಪಿಸಿ ಬದುಕಿಕೊಂಡ ಬಗೆ ಸಣ್ಣ ಉತ್ಪಾದಕರು ಗಮನಿಸತಕ್ಕದ್ದಾಗಿದೆ.

ಸ್ವೀಡನ್ನಿನಲ್ಲಿ ಕಬ್ಬಿಣದ ಅದಿರೂ ಕಾಡೂ ನೀರಿನ ಹರಿವೂ ಒಟ್ಟಿಗೆ ದೊರೆಯುತ್ತಿದ್ದುದರಿಂದ, ಒಂದು ಕುಲುಮೆಯ ಸುತ್ತ ಒಂದು ಊರೇ ಬೆಳೆಯುವುದು ಅಲ್ಲಿನ ವಾಡಿಕೆ. ಇಂಥ ಲೋಹಗ್ರಾಮಕ್ಕೆ ಅಲ್ಲಿಯ ಭಾಷೆಯಲ್ಲಿ ‘ಬ್ರುಕ್’ ಎಂದು ಹೆಸರು. ಈಗಲೂ ಕೊಡಲಿ ತಯಾರಿಸುತ್ತಿರುವ ಹುಲ್ಟ್ಸ್ ಬ್ರುಕ್ ತನ್ನ ಆರಂಭವನ್ನು 1697ರಿಂದ ಲೆಕ್ಕ ಹಾಕುತ್ತದೆ. ಇಲ್ಲಿ ಪ್ರಸ್ತಾಪಿಸುತ್ತಿರುವ ಗ್ರಾನ್ಸ್‌ಫೋರ್ಸ್ ಬ್ರುಕ್ ಅದಕ್ಕಿಂತ ಎಷ್ಟೋ ಕಿರಿಯದು. ರಾಜಧಾನಿ ಸ್ಟಾಕ್‌ಹೋಮ್‌ನ ಉತ್ತರಕ್ಕೆ, ಹೆಲ್ಸಿಂಗ್‌ಲಾಂಡ್ ಪ್ರಾಂತ್ಯದ ಹಳ್ಳಿಯೊಂದರಲ್ಲಿ 1902ರಲ್ಲಿ ಇದು ಕೊಡಲಿ ತಯಾರಿಕೆಗೆ ತೊಡಗಿತು. ಕಾಡಿನ ಕೂಲಿಕಾರರೆಲ್ಲರೂ ಕೊಡಲಿಯನ್ನೇ ನಂಬಿದ್ದ ಕಾಲದಲ್ಲಿ ಮಾರಾಟದ ಚಿಂತೆ ಇರಲಿಲ್ಲ. ಯಂತ್ರಗರಗಸ ಬಂದಮೇಲೆ ಚಿತ್ರ ಬದಲಾಯಿತು. ಅದೇ ದೇಶದ ಹಸ್ಕ್‌ವರ್ನಾ ಕಂಪನಿ ತನ್ನ ಮೊದಲ ಯಂತ್ರಗರಗಸವನ್ನು 1959ರಲ್ಲಿ ಮಾರುಕಟ್ಟೆಗೆ ತಂದಿತು. ಮುಂದಿನ ಕೆಲವೇ ವರ್ಷಗಳಲ್ಲಿ ಮರ ಉರುಳಿಸುವ ಕೆಲಸ ಕೊಡಲಿಯ ಕೈತಪ್ಪಿತು. ಉಳಿದ ಕಾರ್ಖಾನೆಗಳು ಒಂದರೊಡನೊಂದು ಬೆಲೆಯಲ್ಲಿ ಸೆಣಸಿದವು. ಒರಟಾಗಿ ಬಡಿದ ತಲೆಯನ್ನು ಸಾಣೆಯಲ್ಲಿ ಉಜ್ಜಿ ನಯ ಮಾಡುವುದು, ಉಳಿದ ಕುಂದನ್ನು ಬಣ್ಣ ಬಳಿದು ಮುಚ್ಚುವುದು, ಕಾವಿಗೆ ಮೆರುಗೆಣ್ಣೆ ಹಚ್ಚಿ ಮರದ ದೋಷ ಮರೆಮಾಡುವುದು ಸರ್ವೇಸಾಮಾನ್ಯವಾಯಿತು.

1980ರ ದಶಕದಲ್ಲಿ ಗ್ರಾನ್ಸ್‌ಫೋರ್ಸ್ ಕಾರ್ಖಾನೆ ಗೇಬ್ರಿಯಲ್ ಬ್ರೋನ್ಬಿ ಎಂಬುವರ ಕೈಸೇರಿತು. ಅವರು ಮಾಡಿದ ಬದಲಾವಣೆಗಳಲ್ಲಿ ಹೊಸ ಯಂತ್ರದ ಖರೀದಿಗಿಂತ ಬಿಟ್ಟುಬಿಟ್ಟ ಕೆಲಸಗಳೇ ಹೆಚ್ಚು ಎಂಬುದು ಸ್ವಾರಸ್ಯಕರ. ಬಣ್ಣ ಬಳಿಯುವುದು ನಿಂತಿತು. ತಲೆಯನ್ನೆಲ್ಲ ಉಜ್ಜಿ ಹೊಳಪು ಕೊಡುವುದು ನಿಂತಿತು. ಎಷ್ಟು ತಲೆ ಬಡಿದರೆ ಅಷ್ಟು ಕೂಲಿ ಎಂಬ ತುಂಡುಗೂಲಿ ಪದ್ಧತಿಯನ್ನೂ ಕೈಬಿಟ್ಟು, ಬೇಕಾದಷ್ಟು ಸಮಯ ತೆಗೆದುಕೊಳ್ಳುವ ಸ್ವಾತಂತ್ರ್ಯವನ್ನು ಕಮ್ಮಾರರಿಗೆ ನೀಡಲಾಯಿತು. ಬಣ್ಣವೂ ಹೊಳಪೂ ಇಲ್ಲದ ಮೇಲೆ ಸುತ್ತಿಗೆಯ ಏಟು ಬಿದ್ದ ಗುರುತು ಹಾಗೆಯೇ ಗ್ರಾಹಕರ ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಬಡಿತವೇ ಸರಿಯಾಗಿರಬೇಕು. ಸಾಲದೆಂಬಂತೆ, ತಾನು ಒಪ್ಪಿದ ತಲೆಯ ಮೇಲೆ ಕಾರ್ಖಾನೆಯ ಮುದ್ರೆಯ ಪಕ್ಕದಲ್ಲಿ ಕಮ್ಮಾರನು ತನ್ನ ಹೆಸರಿನ ಮೊದಲಕ್ಷರಗಳನ್ನೂ ಒತ್ತುವ ಕ್ರಮ ಬಂದಿತು. ಒಪ್ಪದ ತಲೆಗೆ ಅಕ್ಷರ ಬೀಳುವುದಿಲ್ಲ. ಗುಣಮಟ್ಟ ಪರೀಕ್ಷೆಗೆಂದು ಪ್ರತ್ಯೇಕ ಸಿಬ್ಬಂದಿಯನ್ನು ಇರಿಸಿಯೂ ಸಾಧಿಸಲಾಗದ್ದನ್ನು ಎರಡು ಅಕ್ಷರಗಳ ಅಚ್ಚು ಸಾಧಿಸಿತೆಂದರೆ ಹೆಚ್ಚಲ್ಲ.

ಬೆಂಕಿಯಿಂದ ಬಾಯಿಯವರೆಗೆ

ಉಕ್ಕಿನ ಸರಳನ್ನು ಸುಮಾರು 1200 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಒಂದು ಕೊಡಲಿಗೆ ಬೇಕಾದಷ್ಟು ತುಂಡರಿಸಿ, ಯಂತ್ರಸುತ್ತಿಗೆಯ ಅಡಿಯಲ್ಲಿ ಹಂತ ಹಂತವಾಗಿ ರೂಪ ಕೊಡಲಾಗುತ್ತದೆ. ಕಾವು ತೂರುವ ಕಣ್ಣನ್ನು ಕೊರೆಯುವುದಿಲ್ಲ. ಕೆಂಪಗೆ ಕಾದ ಉಕ್ಕಿಗೆ ಉಳಿಯನ್ನು ಹೊಡೆದು ತೂತು ಮಾಡಲಾಗುತ್ತದೆ. ಅನಂತರ ಬಾಯಿಯ ಭಾಗವನ್ನು ಬಡಿದು ತೆಳುವಾಗಿ ಹರಡಲಾಗುತ್ತದೆ. ಯಂತ್ರಸುತ್ತಿಗೆ ಬಲವನ್ನಷ್ಟೇ ಒದಗಿಸುತ್ತದೆ. ಇಕ್ಕಳದಲ್ಲಿ ತುಂಡನ್ನು ಹಿಡಿದು, ಯಾವ ಏಟು ಎಲ್ಲಿ, ಎಷ್ಟು ಬೀಳಬೇಕೆಂದು ನಿರ್ಧರಿಸುವವನು ಕಮ್ಮಾರನೇ. ‘ಕೈಯಿಂದ ಬಡಿದದ್ದು’ ಎಂಬ ಮಾತಿಗೆ ಅಲ್ಲಿ ಇರುವ ಅರ್ಥ ಇದು. ವಿದ್ಯುತ್ತನ್ನು ಮುಟ್ಟಿಲ್ಲವೆಂದು ಯಾರೂ ಹೇಳಿಕೊಳ್ಳುವುದಿಲ್ಲ.

ಬಡಿದ ಉಕ್ಕಿನಲ್ಲಿ ಎಳೆಗಳು ಕೊಡಲಿಯ ಆಕಾರವನ್ನೇ ಅನುಸರಿಸಿ ಹರಿಯುವುದರಿಂದ ಅದು ಗಟ್ಟಿ ಎಂಬ ಮಾತನ್ನು ಮಾರಾಟಗಾರರು ಪದೇ ಪದೇ ಹೇಳುತ್ತಾರೆ. ಎರಕದ ತಲೆಗೆ ಹೋಲಿಸಿದರೆ ಅದು ನಿಜವೂ ಹೌದು. ಆದರೆ ಕೊಡಲಿಯ ಗುಣವನ್ನು ನಿರ್ಧರಿಸುವುದರಲ್ಲಿ ಅದಕ್ಕಿಂತ ಹೆಚ್ಚಿನ ಪಾಲು ಎರಡು ಸಂಗತಿಗಳದು: ಬಾಯಿಯ ಹಿಂದಿನ ತೆಳುವು ಮತ್ತು ಹದ. ಅಗ್ಗದ ಕೊಡಲಿಯ ಬಾಯಿ ದಪ್ಪವಿರುತ್ತದೆ, ಏಕೆಂದರೆ ದಪ್ಪ ಬಾಯಿ ಹದ ತಪ್ಪಿದರೂ ಬೇಗ ಮುರಿಯುವುದಿಲ್ಲ. ಹಾಗೆ ಮುರಿಯದ ಕೊಡಲಿ ಮರವನ್ನೂ ಸರಿಯಾಗಿ ಕಡಿಯದು. ತೆಳು ಬಾಯಿ ಇಡುವ ಧೈರ್ಯ ಹದದ ಮೇಲೆ ಹಿಡಿತವಿರುವ ಕಮ್ಮಾರನಿಗೆ ಮಾತ್ರ ಬರುತ್ತದೆ.

ಹದವೆಂದರೇನೆಂಬುದನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು. ಸುಮಾರು 0.5ರಿಂದ 0.6 ಶೇಕಡಾ ಇಂಗಾಲವಿರುವ ಉಕ್ಕನ್ನು 820 ಡಿಗ್ರಿಯ ಆಸುಪಾಸಿಗೆ ಕಾಯಿಸಿದಾಗ ಅದರ ಒಳರಚನೆ ಬದಲಾಗಿ ಇಂಗಾಲ ಕಬ್ಬಿಣದಲ್ಲಿ ಕರಗುತ್ತದೆ. ಆ ಕೂಡಲೇ ತಣ್ಣೀರಿನಲ್ಲಿ ಅದ್ದಿದರೆ, ಹೊರಬರಲು ಸಮಯವಿಲ್ಲದ ಇಂಗಾಲ ಒಳಗೇ ಸಿಕ್ಕಿಬಿದ್ದು ಉಕ್ಕು ಅತಿ ಗಡುಸಾಗುತ್ತದೆ. ಆದರೆ ಗಾಜಿನಂತೆ ಒಡೆಯುವ ಸ್ವಭಾವವೂ ಜೊತೆಗೆ ಬರುತ್ತದೆ. ಈ ಪೆಡಸುತನವನ್ನು ಇಳಿಸಲು ಅದನ್ನು ಮತ್ತೊಮ್ಮೆ, ಈ ಬಾರಿ ಮಂದವಾಗಿ, ಕಾಯಿಸಬೇಕು. ಗ್ರಾನ್ಸ್‌ಫೋರ್ಸ್‌ನಲ್ಲಿ ಇದು ಸುಮಾರು 195 ಡಿಗ್ರಿಯಲ್ಲಿ ಒಂದು ಗಂಟೆ ನಡೆಯುತ್ತದೆ. ಕೊನೆಗೆ ಬಾಯಿಯ ಗಡಸುತನ ರಾಕ್‌ವೆಲ್ ಮಾಪನದಲ್ಲಿ 57ರ ಹತ್ತಿರ ನಿಲ್ಲುತ್ತದೆ. ಅರದಿಂದ ಉಜ್ಜಬಹುದಾದಷ್ಟು ಮೃದು, ಗಂಟುಮರಕ್ಕೆ ತಗುಲಿದರೂ ಬಾಯಿ ಮಡಿಸದಷ್ಟು ಗಡುಸು.

ಹಳ್ಳಿಯ ಕಮ್ಮಾರರು ಉಷ್ಣಮಾಪಕವಿಲ್ಲದೆ ಇದೇ ಕೆಲಸವನ್ನು ಕಣ್ಣಳತೆಯಲ್ಲಿ ಮಾಡುತ್ತ ಬಂದಿದ್ದಾರೆ. ಬಾಯಿಯನ್ನು ಮಾತ್ರ ನೀರಿನಲ್ಲಿ ಅದ್ದಿ ತೆಗೆದು, ಕಪ್ಪನ್ನು ಉಜ್ಜಿ, ಹಿಂಭಾಗದಲ್ಲಿ ಉಳಿದ ಬಿಸಿ ಬಾಯಿಯತ್ತ ಹರಿದು ಬರುವುದನ್ನು ಕಾಯುತ್ತಾರೆ. ಉಜ್ಜಿದ ಉಕ್ಕಿನ ಮೇಲೆ ಮೊದಲು ಒಣಹುಲ್ಲಿನ ಬಣ್ಣ, ಬಳಿಕ ಕಂದು, ನೇರಳೆ, ಸುಮಾರು 300 ಡಿಗ್ರಿಯಲ್ಲಿ ನೀಲಿ ತೋರುತ್ತವೆ. ಬೇಕಾದ ಬಣ್ಣ ಬಾಯಿಯನ್ನು ಮುಟ್ಟಿದೊಡನೆ ಮತ್ತೆ ನೀರು. ಬಾಯಿ ಗಡುಸಾಗಿ, ಕಣ್ಣಿನ ಸುತ್ತಲಿನ ಭಾಗ ಮೃದುವಾಗಿ ಉಳಿಯುವುದು ಈ ವಿಧಾನದ ಹೆಚ್ಚುಗಾರಿಕೆ. ಕಣ್ಣೂ ಗಡುಸಾದರೆ ಅಲ್ಲಿಯೇ ಸೀಳು ಬಿಡುವ ಅಪಾಯವುಂಟು.

ಇನ್ನು ಕಾವಿನ ವಿಚಾರ. ಕೊಡಲಿ ಕಾವು ಕುಲಕ್ಕೆ ಮೃತ್ಯು ಎಂಬ ಗಾದೆ ಮರದ ಕುಲವನ್ನು ಕುರಿತದ್ದು. ಕಾವು ಕೆಟ್ಟರೆ ಕಡಿಯುವವನ ಪಾಲಿಗೂ ಅದು ಸುಳ್ಳಾಗದು. ಸ್ವೀಡನ್ನಿನವರು ಅಮೆರಿಕದ ಹಿಕರಿ ಮರವನ್ನು ಬಳಸಿ, ನಾರಗಸೆ ಎಣ್ಣೆಯನ್ನೂ ಜೇನುಮೇಣವನ್ನೂ ಊಡುತ್ತಾರೆ. ಮೆರುಗೆಣ್ಣೆ ಇಲ್ಲದ ಕಾರಣ ಮರದ ಎಳೆ ಕಾವಿನ ಉದ್ದಕ್ಕೂ ನೇರವಾಗಿದೆಯೇ ಎಂಬುದನ್ನು ಕೊಳ್ಳುವವರೇ ನೋಡಬಹುದು. ಕರ್ನಾಟಕದ ಕಾಡುಗಳಲ್ಲಿ ಬೆಳೆಯುವ ದಿಂಡಿಗ ಮರ ಗಾಡಿಯ ಅಚ್ಚಿಗೂ ಉಪಕರಣಗಳ ಹಿಡಿಗೂ ಹಿಂದಿನಿಂದ ಹೆಸರಾದದ್ದು. ಯಾವ ಮರವಾದರೂ ಚೆನ್ನಾಗಿ ಒಣಗಿದ ಮೇಲೆಯೇ ಕಣ್ಣಿಗೆ ಕೂರಿಸಿ ಬೆಣೆ ಹೊಡೆಯಬೇಕು. ಹಸಿಯಾಗಿ ಕೂರಿಸಿದ್ದು ಬೇಸಿಗೆಯಲ್ಲಿ ಸಡಿಲವಾಗುತ್ತದೆ. ಸಡಿಲವಾದ ಕೊಡಲಿಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿಡುವ ಅಭ್ಯಾಸ ತಾತ್ಕಾಲಿಕ. ಉಬ್ಬಿದ ಎಳೆಗಳು ಉಕ್ಕಿನ ಗೋಡೆಗೆ ಒತ್ತಿ ನಜ್ಜಾಗಿ, ಒಣಗಿದಾಗ ಮೊದಲಿಗಿಂತ ಹೆಚ್ಚು ಸಡಿಲವಾಗುತ್ತವೆ.

ಕೊಳ್ಳುವವರು ಯಾರು?

ಈ ಕೊಡಲಿಗಳು ವಿದೇಶಿ ಮಾರುಕಟ್ಟೆಯಲ್ಲಿ ನೂರು ಡಾಲರಿಗೂ ಮಿಕ್ಕಿದ ಬೆಲೆಗೆ ಬಿಕರಿಯಾಗುತ್ತವೆ. ಕಾಡಿನ ಗುತ್ತಿಗೆದಾರರು ಇದನ್ನು ಕೊಳ್ಳುವುದಿಲ್ಲ. ಅವರಿಗೆ ಯಂತ್ರಗರಗಸ ಸಾಕು. ಮನೆಯ ಒಲೆಗೆ ತಾವೇ ಸೌದೆ ಸೀಳುವವರು, ಕಾಡಿನಲ್ಲಿ ಬಿಡಾರ ಹೂಡುವ ಹವ್ಯಾಸಿಗಳು, ಮರದ ದಿಮ್ಮಿಗಳಿಂದ ಮನೆ ಕಟ್ಟುವ ಬಡಗಿಗಳು, ಚಮಚ ಬಟ್ಟಲುಗಳನ್ನು ಕೆತ್ತುವ ಕುಶಲಕರ್ಮಿಗಳು ಇದರ ಗಿರಾಕಿಗಳು. ಹೆಚ್ಚು ಹೆಸರಾದ ಸಣ್ಣ ಅರಣ್ಯ ಕೊಡಲಿಯ ತಲೆ ಸುಮಾರು 700 ಗ್ರಾಂ, ಕಾವು ಸುಮಾರು 50 ಸೆಂಟಿಮೀಟರ್. ಚೀಲದಲ್ಲಿ ಹಿಡಿಸುವಂಥದು. ಒಂದು ವಸ್ತುವಿನ ಹಳೆಯ ಉಪಯೋಗ ಸತ್ತರೂ ಹೊಸ ಉಪಯೋಗ ಹುಟ್ಟಬಹುದೆಂಬುದನ್ನು ಈ ಕಾರ್ಖಾನೆ ಕಂಡುಕೊಂಡು, ದೊಡ್ಡ ಕೊಡಲಿಯ ಜಾಗದಲ್ಲಿ ಕೆಲಸಕ್ಕೊಂದರಂತೆ ಬೇರೆ ಬೇರೆ ಆಕಾರಗಳನ್ನು ಒದಗಿಸಿತು.

ಪ್ರತಿ ಕೊಡಲಿಯೊಡನೆ ಒಂದು ಚಿಕ್ಕ ಪುಸ್ತಕ ಬರುತ್ತದೆ. ಸಾಣೆ ಹಿಡಿಯುವುದು ಹೇಗೆ, ಕಾವು ಬದಲಿಸುವುದು ಹೇಗೆ, ಯಾವುದಕ್ಕೆ ಬಳಸಬಾರದು ಎಂಬುದೆಲ್ಲ ಅದರಲ್ಲಿದೆ. ಜೊತೆಗೆ 20 ವರ್ಷಗಳ ಖಾತರಿ. ಮೇಲ್ನೋಟಕ್ಕೆ ಇದು ದುಬಾರಿ ಸಾಹಸವೆನಿಸಬಹುದು. ಆದರೆ ಬಳಕೆಯ ತಪ್ಪಿನಿಂದಾಗುವ ಹಾನಿಯನ್ನು ಪುಸ್ತಕ ತಗ್ಗಿಸುತ್ತದೆ. ತಯಾರಿಕೆಯ ತಪ್ಪಿದ್ದರೆ ಯಾರ ಕೈಯಿಂದ ಬಂದದ್ದೆಂಬುದನ್ನು ಅಕ್ಷರದ ಅಚ್ಚು ಹೇಳುತ್ತದೆ. ಖಾತರಿಯ ವೆಚ್ಚವನ್ನು ಲೆಕ್ಕ ಹಾಕಬಲ್ಲ ತಯಾರಕರು ಮಾತ್ರ ಖಾತರಿ ಕೊಡಬಲ್ಲರು.

ಇಲ್ಲಿನ ಕುಲುಮೆಗಳಿಗೆ ಸಂಬಂಧಿಸಿದಂತೆ

ಉಕ್ಕಿನ ವಿಷಯದಲ್ಲಿ ಕನ್ನಡನಾಡು ಹೊಸಬನಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಯೂರೋಪಿನ ವಿಜ್ಞಾನಿಗಳನ್ನು ಬೆರಗುಗೊಳಿಸಿದ ದಕ್ಷಿಣ ಭಾರತದ ‘ವೂಟ್ಜ್’ ಉಕ್ಕನ್ನು ಕುರಿತು ಜಾರ್ಜ್ ಪಿಯರ್ಸನ್ 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಪ್ರಬಂಧ ಮಂಡಿಸಿದರು. ಆ ಪದವೇ ಕನ್ನಡದ ‘ಉಕ್ಕು’ ಶಬ್ದದ ಅಪಭ್ರಂಶವೆಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ಆದರೆ ಪೂರ್ವಿಕರ ಕೀರ್ತಿಯಿಂದ ಇಂದಿನ ಸರಕು ಮಾರಾಟವಾಗುವುದಿಲ್ಲ.

ವಾರದ ಸಂತೆಗಳಲ್ಲಿ ಮಾರುವ ಊರಿನ ಕೊಡಲಿಗಳಲ್ಲಿ ಬಹುಪಾಲು ಹಳೆಯ ಲಾರಿಗಳ ಸ್ಪ್ರಿಂಗ್ ಪಟ್ಟಿಯಿಂದ ಬಡಿದವು. ಆ ಉಕ್ಕು ಕಳಪೆಯಲ್ಲ. ಇಂಗಾಲದ ಪ್ರಮಾಣ ಕೊಡಲಿಗೆ ಒಪ್ಪುವಂಥದೇ. ತೊಂದರೆಯಿರುವುದು ಅನಿಶ್ಚಿತತೆಯಲ್ಲಿ. ಯಾವ ಪಟ್ಟಿ ಯಾವ ದರ್ಜೆಯದೆಂಬುದು ತಿಳಿಯದು, ಸವೆತದಿಂದ ಒಳಗೆ ಕೂದಲೆಳೆಯ ಬಿರುಕುಗಳಿದ್ದರೆ ಕಾಣದು. ಸಿಲಿಕಾನ್ ಹೆಚ್ಚಿರುವ ಸ್ಪ್ರಿಂಗ್ ಉಕ್ಕನ್ನು ಎಣ್ಣೆಯಲ್ಲಿ ಅದ್ದಬೇಕು. ರೂಢಿಯಂತೆ ನೀರಿಗೆ ಹಾಕಿದರೆ ಬಾಯಿ ಸೀಳುವ ಸಂಭವ ಹೆಚ್ಚು. ಉಕ್ಕಿನ ವರ್ತಕರಲ್ಲಿ ದೊರೆಯುವ ಇ.ಎನ್.-9 ದರ್ಜೆಯ ಸರಳಿನಲ್ಲಿ ಇಂಗಾಲ 0.5ರಿಂದ 0.6 ಶೇಕಡಾ ಇರುತ್ತದೆ. ಒಂದೇ ದರ್ಜೆಯನ್ನು ಸತತವಾಗಿ ಕೊಂಡರೆ ಹದವೂ ಸತತವಾಗಿ ಒಂದೇ ರೀತಿ ಬರುತ್ತದೆ. ಹತ್ತು ಕುಲುಮೆಗಳು ಒಟ್ಟಾಗಿ ಖರೀದಿಸಿದರೆ ಗುಜರಿಗೂ ಇದಕ್ಕೂ ಇರುವ ಬೆಲೆಯ ಅಂತರವೂ ಕಿರಿದಾಗುತ್ತದೆ.

ಬಂಡವಾಳದ ಮಟ್ಟಿಗೆ, 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಸೇರಿದೆ. ತರಬೇತಿ, ಉಪಕರಣಗಳಿಗೆ 15,000 ರೂಪಾಯಿ, ಶೇಕಡಾ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಬಳಿಕ 2 ಲಕ್ಷ ರೂಪಾಯಿ ಸಾಲ ಅದರಲ್ಲಿ ಅಡಕವಾಗಿದ್ದವು. ಗಡಸುತನ ಅಳೆಯುವ ಯಂತ್ರ ಒಬ್ಬೊಬ್ಬರಿಗೂ ಬೇಕಾಗಿಲ್ಲ. ತಿಂಗಳಿಗೊಮ್ಮೆ ಕೆಲವು ಮಾದರಿಗಳನ್ನು ಪರೀಕ್ಷೆಗೆ ಕೊಟ್ಟರೂ ಸಾಕು.

ವರ್ತಕರು ಎಚ್ಚರ ವಹಿಸಬೇಕಾದ ಅಂಶವೊಂದಿದೆ. ಎರಕದ ತಲೆಗೆ ಸುತ್ತಿಗೆಯ ಗುರುತನ್ನು ಅಚ್ಚಿನಲ್ಲೇ ಮೂಡಿಸಿ ‘ಕೈಯಿಂದ ಬಡಿದದ್ದು’ ಎಂದು ಮಾರುವುದು 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಪ್ರಕಾರ ದಾರಿತಪ್ಪಿಸುವ ಜಾಹೀರಾತಾಗುತ್ತದೆ. ಮೊದಲ ಸಲ 10 ಲಕ್ಷ, ಪುನರಾವರ್ತನೆಯಾದರೆ 50 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸುವ ಅಧಿಕಾರವನ್ನು ಆ ಕಾಯಿದೆ ಕೇಂದ್ರ ಪ್ರಾಧಿಕಾರಕ್ಕೆ ನೀಡಿದೆ. ದೋಷಯುಕ್ತ ಸರಕಿನಿಂದ ಗಾಯವಾದರೆ ತಯಾರಕರೂ ಮಾರಾಟಗಾರರೂ ಪರಿಹಾರಕ್ಕೆ ಹೊಣೆಯಾಗಬಹುದಾದ ಅಧ್ಯಾಯವೂ ಅದರಲ್ಲಿದೆ. ಬೀಸುವಾಗ ತಲೆ ಕಳಚಿ ಹಾರಬಲ್ಲ ವಸ್ತುವಿನ ವ್ಯಾಪಾರದಲ್ಲಿ ಇದು ಅಲಕ್ಷಿಸುವ ಮಾತಲ್ಲ.

ತೆರಿಗೆಯ ಲೆಕ್ಕವನ್ನೂ ಬೆಲೆ ನಿಗದಿಗೆ ಮುನ್ನ ನೋಡಿಕೊಳ್ಳಬೇಕು. 2017ರಲ್ಲಿ ಜಿ.ಎಸ್.ಟಿ. ಜಾರಿಯಾದಾಗ 8201 ಶೀರ್ಷಿಕೆಯ ಕೃಷಿ ಕೈ ಉಪಕರಣಗಳಿಗೆ, ಕೊಡಲಿಯೂ ಸೇರಿದಂತೆ, ವಿನಾಯಿತಿ ದೊರೆಯಿತು. ಕೊಳ್ಳುವವರಿಗೆ ಇದು ಲಾಭ. ಆದರೆ ವಿನಾಯಿತಿಯ ಸರಕಿಗಾಗಿ ಕೊಂಡ ಉಕ್ಕಿನ ಮೇಲೆ ತೆತ್ತ ಶೇಕಡಾ 18ರ ತೆರಿಗೆಯನ್ನು ದೇಶದೊಳಗಿನ ಮಾರಾಟದಲ್ಲಿ ಹಿಂಪಡೆಯಲು ಬರುವುದಿಲ್ಲ. ಅದು ಖರ್ಚಿಗೇ ಸೇರುತ್ತದೆ. ರಫ್ತು ಮಾಡಿದಲ್ಲಿ ಮಾತ್ರ, ಸರಕು ವಿನಾಯಿತಿಯದಾಗಿದ್ದರೂ, ಆ ತೆರಿಗೆಯ ಜಮೆ ಪಡೆದು ಮರುಪಾವತಿ ಕೇಳಲು ಕಾನೂನಿನಲ್ಲಿ ಅವಕಾಶವಿದೆ. ನೋಂದಣಿಯಿಲ್ಲದ ಕುಲುಮೆಯವರಿಂದ ಕೊಂಡು ರಫ್ತು ಮಾಡುವ ವರ್ತಕರಿಗೆ ಈ ಜಮೆ ದಕ್ಕದು. ಉಕ್ಕನ್ನು ತಮ್ಮ ಹೆಸರಿನಲ್ಲಿ ಖರೀದಿಸಿ ಕಮ್ಮಾರರಿಗೆ ಕೂಲಿ ಕೆಲಸಕ್ಕೆ ಒಪ್ಪಿಸುವ ರಫ್ತುದಾರರು ಬಿಲ್ಲುಗಳನ್ನು ಕ್ರಮವಾಗಿ ಇರಿಸಿಕೊಂಡರೆ ಆ ಹಣ ಉಳಿಯುತ್ತದೆ.