ಪುಟ್ಟ ಮಕ್ಕಳ ಡಿಸ್ಲೆಕ್ಸಿಯಾ: ಬ್ರೇನ್ ಸ್ಕ್ಯಾನ್ ಬೇಕಾ?

ಹೋದ ಭಾನುವಾರ ವೈಯಾಲಿಕಾವಲ್‌ನ ನಮ್ಮ ಮನೆಗೆ ಅಕ್ಕ ಬಂದಿದ್ಲು. ಊಟ ಆದ್ಮೇಲೆ ಫೋನ್ ಮುಂದೆ ಹಿಡಿದು, "ಇದು ನಿಜಾನೇನೋ? ಎಂಆರ್‌ಐ ಮಾಡಿಸಿದ್ರೆ ಡಿಸ್ಲೆಕ್ಸಿಯಾ ಮೊದಲೇ ಗೊತ್ತಾಗುತ್ತಂತೆ. ಇವನಿಗೂ ಮಾಡಿಸಿಬಿಡ್ಲಾ?" ಅಂತ ಕೇಳಿದ್ಲು.

ಇವನು ಅಂದ್ರೆ ಅವಳ ಮಗ, ಯುಕೆಜಿ. ಅವಳ ಭಯಕ್ಕೆ ಕಾರಣ ಇದೆ. ಭಾವನಿಗೆ ಓದೋದು ಇವತ್ತಿಗೂ ಕಷ್ಟ. ಬಾಯಿಲೆಕ್ಕದಲ್ಲಿ ಹುಲಿ, ಆದ್ರೂ ಶಾಲೆಯಲ್ಲಿ 'ದಡ್ಡ' ಅನ್ನಿಸಿಕೊಂಡೇ ಬೆಳೆದವರು. ಯಾಕೆ ಹೀಗೆ ಅಂತ ಯಾರೂ ಪರೀಕ್ಷೆ ಮಾಡಿಸಲಿಲ್ಲ.

ಮೊದಲು ಒಂದು ವಿಷಯ. ಡಿಸ್ಲೆಕ್ಸಿಯಾಗೂ ಬುದ್ಧಿಗೂ ಸಂಬಂಧ ಇಲ್ಲ. ಮಾತಿನ ಧ್ವನಿಯನ್ನು ಅಕ್ಷರಕ್ಕೆ ಜೋಡಿಸೋ ಕೆಲಸದಲ್ಲಿ ಮೆದುಳಿಗೆ ಆಗೋ ತೊಡಕು ಅದು. ಮನೆಯಲ್ಲಿ ಒಬ್ಬರಿಗೆ ಇದ್ರೆ ಮಕ್ಕಳಿಗೆ ಬರೋ ಸಾಧ್ಯತೆ ಜಾಸ್ತಿ.

ಇನ್ನು ಅಕ್ಕ ತೋರಿಸಿದ ಸುದ್ದಿ. ಅದು ಪೂರ್ತಿ ಸುಳ್ಳಲ್ಲ. 2012ರಲ್ಲಿ ಬಾಸ್ಟನ್‌ನಲ್ಲಿ ನದೀನ್ ಗಾಬ್ ಅವರ ತಂಡ, ಇನ್ನೂ ಓದಲು ಕಲಿಯದ 36 ಮಕ್ಕಳನ್ನು ಎಫ್‌ಎಂಆರ್‌ಐ ಯಂತ್ರದಲ್ಲಿ ನೋಡಿದ ಅಧ್ಯಯನ ಪ್ರಕಟಿಸಿತು. ಅರ್ಧದಷ್ಟು ಮಕ್ಕಳ ಮನೆಯಲ್ಲಿ ಡಿಸ್ಲೆಕ್ಸಿಯಾ ಇತ್ತು, ಉಳಿದವರ ಮನೆಯಲ್ಲಿ ಇರಲಿಲ್ಲ. ಎರಡು ಪದ ಕೇಳಿಸಿ, ಮೊದಲ ಧ್ವನಿ ಒಂದೇನಾ ಅಂತ ಕೇಳೋದು ಆಟ. ಮೆದುಳಿನ ಯಾವ ಭಾಗ ಕೆಲಸ ಮಾಡುತ್ತೋ ಅಲ್ಲಿಗೆ ಆಮ್ಲಜನಕ ತುಂಬಿದ ರಕ್ತ ಹೆಚ್ಚು ಹರಿಯುತ್ತೆ. ಯಂತ್ರ ಹಿಡಿಯೋದು ಅದನ್ನೇ. ಮನೆಯಲ್ಲಿ ಡಿಸ್ಲೆಕ್ಸಿಯಾ ಇದ್ದ ಮಕ್ಕಳಲ್ಲಿ, ಮುಂದೆ ಓದಿಗೆ ಬೇಕಾಗೋ ಭಾಗಗಳು ಕಡಿಮೆ ಚುರುಕಾಗಿದ್ದವು.

ಇದರ ಮಹತ್ವ ಏನು? ಓದದೇ ಇದ್ದದ್ದರಿಂದ ಮೆದುಳು ಹೀಗಾಯ್ತು ಅನ್ನೋ ಹಾಗಿಲ್ಲ. ವ್ಯತ್ಯಾಸ ಅ ಆ ಇ ಈ ಕಲಿಯೋಕೆ ಮುಂಚೆಯೇ ಇತ್ತು. ಅಂದ್ರೆ ಮಗು ಸೋಮಾರಿಯಲ್ಲ.

ಹಾಗಾದ್ರೆ ಸ್ಕ್ಯಾನ್ ಮಾಡಿಸಬೇಕಾ? ಬೇಡ. ಎಂಆರ್‌ಐನಲ್ಲಿ ಎಕ್ಸ್‌ರೇ ಥರ ವಿಕಿರಣ ಇಲ್ಲ, ನಿಜ. ಆದ್ರೆ ಮೇಲಿನದು ಗುಂಪಿನ ಸರಾಸರಿ ಲೆಕ್ಕ. ಕ್ಲಾಸಿನ ಸರಾಸರಿ ಮಾರ್ಕ್ಸ್ ನೋಡಿ ನಿಮ್ಮ ಮಗನ ಮಾರ್ಕ್ಸ್ ಹೇಳೋಕಾಗುತ್ತಾ? ಜೊತೆಗೆ, ಮನೆಯಲ್ಲಿ ಡಿಸ್ಲೆಕ್ಸಿಯಾ ಇರೋ ಮಕ್ಕಳಲ್ಲೂ ಎಷ್ಟೋ ಜನ ಚೆನ್ನಾಗಿಯೇ ಓದ್ತಾರೆ.

ಇನ್ನೊಂದು, ಅವರು ಇಂಗ್ಲಿಷ್ ಕಲಿಯೋ ಮಕ್ಕಳು. ಇಂಗ್ಲಿಷಿಗೆ 26 ಅಕ್ಷರ. ನಮ್ಮಲ್ಲಿ ಕಾಗುಣಿತ, ಒತ್ತಕ್ಷರ ಸೇರಿ ನೂರಾರು ರೂಪ. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್‌ನ ಸೋನಾಲಿ ನಾಗ್ 2007ರಲ್ಲಿ ತೋರಿಸಿದ ಹಾಗೆ, ಕನ್ನಡದ ಅಕ್ಷರ ಕಲಿಕೆ ನಾಲ್ಕನೇ ಕ್ಲಾಸ್‌ವರೆಗೂ ನಡೀತಾನೇ ಇರುತ್ತೆ. ಒಂದನೇ ಕ್ಲಾಸಲ್ಲಿ ಒತ್ತಕ್ಷರ ತಪ್ಪಿದ್ರೆ ಗಾಬರಿ ಬೇಡ.

ಹಾಗಂತ ಸುಮ್ಮನೆ ಕಾಯೋದೂ ತಪ್ಪು. ಓದಿನ ಸಾಲ ಬಡ್ಡಿ ಸೇರಿ ಬೆಳೆಯುತ್ತೆ. ಇವತ್ತು ಅಕ್ಷರ, ನಾಳೆ ಪಾಠ, ನಾಡಿದ್ದು ಗಣಿತದ ಪ್ರಶ್ನೆಯೂ ಓದೋಕಾಗಲ್ಲ. ಇದಕ್ಕೆ ಕಡಿಮೆ ಖರ್ಚಿನ ದಾರಿ ಇದೆ. ಪದಕ್ಕೆ ಪ್ರಾಸ ಹೇಳೋಕೆ, ಅಂತ್ಯಾಕ್ಷರಿ ಥರ ಕೊನೆ ಅಕ್ಷರ ಹಿಡಿಯೋಕೆ, ಗೊತ್ತಿರೋ ಬಣ್ಣಗಳ ಹೆಸರು ಪಟಪಟ ಹೇಳೋಕೆ ಮಗು ತಿಂಗಳುಗಟ್ಟಲೆ ತಡವರಿಸ್ತಿದ್ರೆ ಗಮನ ಕೊಡಿ. ಕಿವಿ, ಕಣ್ಣು ತೋರಿಸಿ. ಮಾನೇಸರ್‌ನ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರ 2015ರಲ್ಲಿ ತಂದ 'ಡಾಲಿ' ಅನ್ನೋ ಪರೀಕ್ಷೆ ಕನ್ನಡದಲ್ಲೂ ಇದೆ. ಒಂದರಿಂದ ಐದನೇ ಕ್ಲಾಸ್ ಮಕ್ಕಳನ್ನು ಟೀಚರ್‌ಗಳೇ ಗುರುತಿಸೋಕೆ ಮಾಡಿದ್ದು. ನಮ್ಮ ನಿಮ್ಹಾನ್ಸ್ ರೂಪಿಸಿದ ಕಲಿಕಾ ನ್ಯೂನತೆ ಪರೀಕ್ಷೆಯಲ್ಲಿ 5ರಿಂದ 7 ವರ್ಷದವರಿಗೆ ಬೇರೆ ಭಾಗವೇ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ಹಾಗಾಗಿ ಸಹಾಯ ಕೇಳೋದು ಹಕ್ಕು, ನಾಚಿಕೆ ಅಲ್ಲ.

ಇಷ್ಟು ಹೇಳಿದ ಮೇಲೆ ಅಕ್ಕ ಸ್ಕ್ಯಾನ್ ಬಿಟ್ಲು. ಟೀಚರ್ ಹತ್ರ ಮಾತಾಡ್ತೀನಿ ಅಂದ್ಲು. ಅಲ್ಲಿವರೆಗೂ ಸುಮ್ಮನಿದ್ದ ಭಾವ ಆಗ ಬಾಯಿ ಬಿಟ್ರು: "ನಾನೂ ಬರ್ತೀನಿ. ನನಗೆ ಏನಾಗಿತ್ತು ಅಂತ ನಾನೇ ಹೇಳ್ತೀನಿ."

ಯುಕೆಜಿ ಮಗು ಇರೋ ಮನೆಗೆ ಇದನ್ನು ಕಳಿಸಿ.